ಅರಿವು ಕೇಂದ್ರಗಳಲ್ಲಿ ಡಿಜಿಟಲ್ ಕಲಿಕೆ: ಖರೀದಿಯ ಅನುದಾನ ಮತ್ತು ನಿರ್ವಹಣೆಯ ವೆಚ್ಚ

ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶ ಪರೀಕ್ಷೆಯ ನೋಂದಣಿ, ಉದ್ಯೋಗದ ಅಧಿಸೂಚನೆ ಇವೆಲ್ಲವೂ ಇಂದು ಜಾಲತಾಣದಲ್ಲಿಯೇ ನಡೆಯುತ್ತಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸುಗ್ಗಿಯ ನಂತರ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ದುಡಿಯಲು ಹೊರಡುವ ಕುಟುಂಬಗಳ ಮಕ್ಕಳಿಗೆ, ಮಾಜಿ ದೇವದಾಸಿ ಮಹಿಳೆಯರ ಮಕ್ಕಳಿಗೆ, ಮನೆಯ ಒಂದೇ ಮೊಬೈಲು ತಂದೆ ಅಥವಾ ಅಣ್ಣನ ಕೈಯಲ್ಲಿರುವ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ದೊರೆಯಬಹುದಾದ ಸಮೀಪದ ಸ್ಥಳವೆಂದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರ. ಅದರ ಬಾಗಿಲು ಮುಚ್ಚಿದ್ದರೆ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ಅರ್ಜಿಯ ಕೊನೆಯ ದಿನಾಂಕ ಮೀರಿದರೆ ಒಂದು ವರ್ಷವೇ ನಷ್ಟವಾಗುವುದುಂಟು.

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. ಅಂದಿನಿಂದ ಅವುಗಳ ಹೊಣೆ ನಮ್ಮದೇ. ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಗ್ರಂಥಾಲಯವೂ ಸೇರಿರುವುದರಿಂದ ಹಣಕಾಸು ಆಯೋಗದ ಅನುದಾನದಲ್ಲಿ ಅನಿರ್ಬಂಧಿತ ಭಾಗವನ್ನು ಈ ಉದ್ದೇಶಕ್ಕೆ ಯೋಜಿಸಲು ಅವಕಾಶವಿದೆ. ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಇದನ್ನು ಬಳಸುವಂತಿಲ್ಲ. ಉಳಿದ ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಯಾಗಿದ್ದು, ಅದನ್ನು ಮುಟ್ಟುವಂತಿಲ್ಲ. ಈ ಐದೂ ತಾಲ್ಲೂಕುಗಳು 371(ಜೆ) ವಿಧಿಯ ವ್ಯಾಪ್ತಿಯಲ್ಲಿರುವ ಕಾರಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನಕ್ಕೂ ಪ್ರಸ್ತಾವನೆ ಸಲ್ಲಿಸಬಹುದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಮತ್ತೊಂದು ಮೂಲ. 2013ರ ಕಂಪನಿಗಳ ಅಧಿನಿಯಮದ 135ನೇ ಪ್ರಕರಣದಂತೆ ಅರ್ಹ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇಂಥ ಕಾರ್ಯಗಳಿಗೆ ವಿನಿಯೋಗಿಸಬೇಕು. ಶಿಕ್ಷಣ ಅದರ ಅನುಮೋದಿತ ವಿಷಯ. ಹೀಗೆ ಬಂದ ಕಂಪ್ಯೂಟರುಗಳನ್ನು ಪಂಚಾಯತಿಯ ಹೆಸರಿಗೆ ಹಸ್ತಾಂತರ ಮಾಡಿಸಿಕೊಂಡು ದಾಸ್ತಾನು ವಹಿಯಲ್ಲಿ ನಮೂದಿಸದಿದ್ದರೆ ಮುಂದೆ ದುರಸ್ತಿಗೆ ಒಂದು ರೂಪಾಯಿ ಖರ್ಚು ಹಾಕಿದರೂ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ಖರೀದಿಗೆ ಹಣ ಸಿಗುತ್ತದೆ. ಕಷ್ಟವಿರುವುದು ಎರಡನೆಯ ವರ್ಷದಲ್ಲಿ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಪಂಚಾಯತಿಯಲ್ಲಿ ನಾಲ್ಕು ಕಂಪ್ಯೂಟರುಗಳು ಸುಸ್ಥಿತಿಯಲ್ಲಿಯೇ ಇದ್ದವು, ಯುಪಿಎಸ್ ಬ್ಯಾಟರಿ ಮಾತ್ರ ಸತ್ತಿತ್ತು. ಬದಲಿ ಬ್ಯಾಟರಿಗೆ ಕ್ರಿಯಾಯೋಜನೆಯಲ್ಲಿ ಅವಕಾಶ ಕಲ್ಪಿಸದೆ ಇದ್ದುದರಿಂದ ಏಳು ತಿಂಗಳು ಅವು ಬಟ್ಟೆ ಹೊದ್ದು ಕುಳಿತಿದ್ದವು. ಆ ಕ್ರಿಯಾಯೋಜನೆಯನ್ನು ಸಿದ್ಧಪಡಿಸಿದವನು ನಾನೇ. ಎಂಜಿನಿಯರಿಂಗ್ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಲೆಕ್ಕ ಸರಳವಾಗಿದೆ. ತಲಾ 100 ವ್ಯಾಟ್‌ನ ನಾಲ್ಕು ಕಂಪ್ಯೂಟರುಗಳಿಗೆ 400 ವ್ಯಾಟ್ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇದ್ದರೂ, ಅದು ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಅಂದರೆ ಸುಮಾರು ಎರಡು ಗಂಟೆ. ಸುಮಾರು 50 ವ್ಯಾಟ್‌ನ ಲ್ಯಾಪ್‌ಟಾಪುಗಳನ್ನು ಕೊಂಡರೆ ಅದೇ ಬ್ಯಾಟರಿ ನಾಲ್ಕು ಗಂಟೆ ನಡೆಸುತ್ತದೆ. ಸಂಜೆ ವಿದ್ಯುತ್ ಹೋಗುವ ನಮ್ಮ ಹಳ್ಳಿಗಳಿಗೆ ಇದೇ ಲೇಸೆಂದು ನನ್ನ ಅಭಿಪ್ರಾಯ.

ವಿದ್ಯುತ್ ಬಿಲ್ಲು, ಅಂತರ್ಜಾಲ ಶುಲ್ಕ, ಬ್ಯಾಟರಿ ಬದಲಾವಣೆ ಇವುಗಳಿಗೆ ಆಸ್ತಿ ತೆರಿಗೆಯೊಡನೆ ವಸೂಲಾಗುವ ಶೇ. 6ರ ಗ್ರಂಥಾಲಯ ಕರವಿದೆ. ಐದು ಲಕ್ಷ ರೂಪಾಯಿ ತೆರಿಗೆ ವಸೂಲಾದರೆ 30,000 ರೂಪಾಯಿ ಕರ ಬರುತ್ತದೆ. ವಸೂಲಿ ಅರ್ಧಕ್ಕೆ ನಿಂತರೆ ಕೇಂದ್ರದ ನಿರ್ವಹಣೆಯೂ ಅರ್ಧಕ್ಕೆ ನಿಲ್ಲುತ್ತದೆ. ಸದಸ್ಯರು ಮನೆ ಮನೆಯಲ್ಲಿ ತೆರಿಗೆ ಕೇಳುವಾಗ ಈ ಮಾತನ್ನು ಹೇಳಿದರೆ ಜನ ಅರ್ಥಮಾಡಿಕೊಳ್ಳುತ್ತಾರೆ.

ವಿಕಲಚೇತನರ ಶೇ. 5ರ ನಿಧಿಯನ್ನೂ ಇಲ್ಲಿ ನೆನೆಯಬೇಕು. ದೃಷ್ಟಿದೋಷವುಳ್ಳವರಿಗೆ ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಬೇಕಾಗುವುದು ಒಂದು ಕಂಪ್ಯೂಟರ್ ಮತ್ತು ಹೆಡ್‌ಫೋನ್ ಮಾತ್ರ.

ಯೋಜನೆ ಗ್ರಾಮಸಭೆಯಲ್ಲಿ ಅನುಮೋದನೆಗೊಂಡು ಇ-ಗ್ರಾಮ್‌ಸ್ವರಾಜ್‌ನಲ್ಲಿ ದಾಖಲಾಗದೆ ಹಣ ಬಿಡುಗಡೆಯಾಗದು. ಆದುದರಿಂದ ಅಕ್ಟೋಬರ್ 2ರಂದು ಆರಂಭವಾಗುವ ಜನಯೋಜನಾ ಅಭಿಯಾನಕ್ಕೆ ಮುನ್ನ ಗ್ರಂಥಾಲಯ ಮೇಲ್ವಿಚಾರಕರು ಬಳಕೆದಾರರ ವಹಿಯನ್ನು ಒಮ್ಮೆ ತಿರುವಿ ನೋಡಬೇಕು. ಎಷ್ಟು ಹೆಣ್ಣುಮಕ್ಕಳ ಸಹಿ ಇದೆ, ಗುಳೆ ಹೋಗಿ ಮರಳಿದ ಯಾರಾದರೂ ಬಂದಿದ್ದಾರೆಯೇ, ಸಂಜೆ ಆರರ ನಂತರ ಬೀಗ ತೆರೆದಿತ್ತೇ ಎಂಬ ಮೂರು ವಿವರಗಳನ್ನು ಪ್ರಸ್ತಾವನೆಯೊಡನೆ ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.