ನೀನು ನೋಡಿದ್ದು ಯಾವ ಭಾಷೆಯಲ್ಲಿ? ಮನೆಯ ಪ್ರೇಕ್ಷಕರಿಗೆ ಗಡಿ ಊರುಗಳು ಹೇಳುವ ಪಾಠ

ಇಶಾ ನಮಾಝ್ ಮುಗಿದು, ಊಟ ಆಗಿ, ಮೊಬೈಲ್ ಕೈಗೆ ಬರುವ ಹೊತ್ತು. ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬ ಬರೆಯುತ್ತಾನೆ: "ನಿನ್ನೆ ಆ ಸಿನೆಮಾ ನೋಡಿದೆ, ಸುಮ್ನೆ ಟೈಮ್ ವೇಸ್ಟ್." ಇನ್ನೊಬ್ಬ ಹೇಳುತ್ತಾನೆ: "ಹೋಗಾ, ಸೂಪರ್ ಉಂಟು." ಮೂರನೆಯವನದ್ದು ಎಚ್ಚರಿಕೆ: "ನಮ್ಮವರನ್ನು ಕೆಟ್ಟದಾಗಿ ತೋರಿಸಿದ್ದಾರಂತೆ, ಯಾರೂ ನೋಡ್ಬೇಡಿ." ಅರ್ಧ ಗಂಟೆ ಚರ್ಚೆ ನಡೆದ ಮೇಲೆ ವಿಷಯ ಹೊರಬೀಳುತ್ತದೆ. ಮೊದಲನೆಯವ ನೋಡಿದ್ದು ಮಲಯಾಳಂ ಮೂಲ. ಎರಡನೆಯವ ನೋಡಿದ್ದು ಕನ್ನಡ ಡಬ್ಬಿಂಗ್. ಮೂರನೆಯವ ನೋಡಿಯೇ ಇಲ್ಲ!

ನಮ್ಮ ಮನೆಗಳಲ್ಲಿ ಇದು ಹೊಸದಲ್ಲ. ಹಾಗಾದರೆ ಮನೆಯಲ್ಲಿ ಕೂತು ನೋಡುವ ಸಾಮಾನ್ಯ ಪ್ರೇಕ್ಷಕನ ಅಭಿಪ್ರಾಯಕ್ಕೆ ಬೆಲೆ ಇಲ್ಲವೇ? ಖಂಡಿತ ಇದೆ. ಆದರೆ ಆ ಬೆಲೆ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ತಿಳಿಯಲು ಕರಾವಳಿಯಿಂದ ಸ್ವಲ್ಪ ದೂರ, ಆಂಧ್ರದ ಗಡಿಯ ಎರಡು ಊರುಗಳ ಕಡೆ ನೋಡೋಣ. ಅಲ್ಲಿನ ಮನೆಗಳ ಪರಿಸ್ಥಿತಿ ನಮ್ಮದನ್ನೇ ಹೋಲುತ್ತದೆ.

ಎರಡು ಊರು, ಹಲವು ಭಾಷೆ

ರಾಯದುರ್ಗ ಒಂದು ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಕೂಡ ಅನಂತಪುರ ಜಿಲ್ಲೆಯಲ್ಲೇ ಇದ್ದ ಊರು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಭೂಪಟ ತೆಗೆದು ನೋಡಿದರೆ ಮಡಕಶಿರಾ ಭಾಗ ಕರ್ನಾಟಕದೊಳಗೆ ಚಾಚಿಕೊಂಡಂತೆ ಕಾಣುತ್ತದೆ. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ, ಆಚೆ ರಾಯದುರ್ಗದ ಡಿ. ಹಿರೇಹಾಳ್ ಕಡೆಯಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಈ ಭಾಗದಲ್ಲಿವೆ. ಕಚೇರಿಯ ಭಾಷೆ ತೆಲುಗು. ಮುಸ್ಲಿಂ ಮನೆಗಳಿಗೆ ಹೋದರೆ ದಖನಿ ಉರ್ದು ಕೇಳಿಸುತ್ತದೆ.

ನಮ್ಮದೂ ಹಾಗೆಯೇ ಅಲ್ಲವೇ? ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಮಲಯಾಳಂ. ಇಂಥ ಮನೆಯಲ್ಲಿ ರಿಮೋಟ್ ಯಾರ ಕೈಯಲ್ಲಿದೆ ಎಂಬುದರ ಮೇಲೆ ಆ ರಾತ್ರಿಯ ಭಾಷೆ ನಿರ್ಧಾರವಾಗುತ್ತದೆ. ಅಜ್ಜಿಗೆ ಒಂದು ಭಾಷೆಯ ಧಾರಾವಾಹಿ, ಮಗನಿಗೆ ಇನ್ನೊಂದು ಭಾಷೆಯ ಸಿನೆಮಾ. ಗಡಿಯ ಮನೆಗೆ ಇದರ ಖರ್ಚೂ ಇದೆ. 2019ರಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂದ ಮೇಲೆ ಬೇಕಾದ ಚಾನೆಲನ್ನು ಒಂದೊಂದಾಗಿ ಆರಿಸಿಕೊಳ್ಳಬಹುದು. ತೆಲುಗು ಪ್ಯಾಕ್ ಇದ್ದ ಮನೆಗೆ ಕನ್ನಡದ ಪೇ ಚಾನೆಲ್ ಬೇಕಾದರೆ ಸೇರಿಸಿಕೊಂಡು ಹಣ ಕಟ್ಟಬೇಕು. ಶಾಲೆಯಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್ ಕಲಿಯುವ ಅಲ್ಲಿನ ಮಗುವಿಗೆ ಕನ್ನಡ ಕಿವಿಗೆ ಬೀಳುವುದು ಹಿರಿಯರ ಬಾಯಿಂದ ಮತ್ತು ಈ ಪೆಟ್ಟಿಗೆಯಿಂದ. ಹಾಗಾಗಿ ಸಂಜೆ ಏನು ನೋಡಬೇಕು ಎಂಬ ಜಗಳ ಅಲ್ಲಿ ಬರೀ ಮನರಂಜನೆಯ ಜಗಳ ಅಲ್ಲ.

ಒಂದೇ ಕಥೆ, ಬೇರೆ ಬೇರೆ ಕಿವಿ

ಎರಡು ಭಾಷೆ ಗೊತ್ತಿರುವ ಪ್ರೇಕ್ಷಕನಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಒಂದು ಉದಾಹರಣೆ ನೋಡಿ. 1993ರ ಮಲಯಾಳಂ 'ಮಣಿಚಿತ್ರತ್ತಾಳ್' ನಮ್ಮಲ್ಲಿ ಅನೇಕರು ಟಿವಿಯಲ್ಲಿ ಎಷ್ಟೋ ಸಲ ನೋಡಿದ ಸಿನೆಮಾ. ಅದರಲ್ಲಿ ನಾಯಕಿಯನ್ನು ಆವರಿಸುವ ನರ್ತಕಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. 2004ರಲ್ಲಿ ಪಿ. ವಾಸು ಇದನ್ನು ಕನ್ನಡದಲ್ಲಿ 'ಆಪ್ತಮಿತ್ರ' ಮಾಡಿದಾಗ ನಾಗವಲ್ಲಿಯ ಬಾಯಲ್ಲಿ ತೆಲುಗು ಬಂತು. ಆ ಪಾತ್ರ ಮಾಡಿದ ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲಿನವರು, ಅದೂ ಆಂಧ್ರದ ಗಡಿಯೇ. ತೆಲುಗಿನಲ್ಲಿ ದೊಡ್ಡ ತಾರೆ.

ಮನೆಯ ಸೊಸೆ ಇದ್ದಕ್ಕಿದ್ದಂತೆ ಪರಭಾಷೆಯಲ್ಲಿ ಅಬ್ಬರಿಸಿದಾಗ ಪ್ರೇಕ್ಷಕ ಬೆಚ್ಚಬೇಕು, ಅದು ಆ ದೃಶ್ಯದ ಜೀವ. ತೆಲುಗು ಗೊತ್ತಿಲ್ಲದ ಧಾರವಾಡದ ಪ್ರೇಕ್ಷಕನಿಗೆ ಆ ಭಾಷೆಯೇ ಅರ್ಧ ಭಯ. ಆದರೆ ಮಡಕಶಿರಾದ ಮನೆಯಲ್ಲಿ? ಅಲ್ಲಿ ತೆಲುಗು ಎಂದರೆ ಪಕ್ಕದ ಮನೆಯವರ ಭಾಷೆ, ತರಕಾರಿ ಅಂಗಡಿಯ ಭಾಷೆ. ಭಾಷೆಯಿಂದ ಹುಟ್ಟುವ ಭಯ ಅಲ್ಲಿ ಕಡಿಮೆಯಾಗಬಹುದು. ಬದಲಿಗೆ ಆ ನರ್ತಕಿಯ ಮಾತು ನೇರ ಅರ್ಥವಾಗಿ ಅವಳ ಮೇಲೆ ಮರುಕ ಹುಟ್ಟಬಹುದು. ಒಬ್ಬ "ಹೆದರಿ ಹೋದೆ" ಎಂದರೆ, ಇನ್ನೊಬ್ಬ "ಪಾಪ ಅನ್ನಿಸಿತು" ಎಂದರೆ ಇಬ್ಬರೂ ಸರಿಯೇ. ಯಾವ ಕಿವಿಯಿಂದ ಕೇಳಿದೆವು ಎಂದು ಹೇಳದಿದ್ದರೆ ಮಾತ್ರ ಅದು ವ್ಯರ್ಥ ವಾದವಾಗುತ್ತದೆ.

'ಕಾಂತಾರ' ಇನ್ನೂ ಹತ್ತಿರದ್ದು. 2022ರ ಸೆಪ್ಟೆಂಬರ್ ಕೊನೆಗೆ ಕನ್ನಡದಲ್ಲಿ, ಎರಡು ವಾರ ಕಳೆದು ತೆಲುಗು ಡಬ್ಬಿಂಗ್‌ನಲ್ಲಿ ಬಂತು. ಅದರ ಕುಂದಾಪುರ ಕಡೆಯ ಕನ್ನಡ ನಮಗೆ ಮನೆಯ ಮಾತು. ಅದೇ ಮಾತು ತೆಲುಗಿಗೆ ಹೋದಾಗ ಕಥೆ ಉಳಿಯುತ್ತದೆ, ನಮ್ಮ ಊರಿನ ದನಿ ಉಳಿಯುವುದಿಲ್ಲ. ರಾಯದುರ್ಗದಲ್ಲಿ ಎರಡೂ ನೋಡಿದವನನ್ನು ಕೇಳಿದರೆ ಹೋದದ್ದೇನು, ಉಳಿದದ್ದೇನು ಎಂದು ಹೇಳಬಲ್ಲ. ಯಾವ ದೊಡ್ಡ ವಿಮರ್ಶಕನೂ ಎರಡೂ ಭಾಷೆ ಬಾರದೆ ಇದನ್ನು ಹೇಳಲಾರ.

ಕನ್ನಡದಲ್ಲಿ ಡಬ್ಬಿಂಗ್ ಹಲವು ದಶಕ ಬಹುತೇಕ ನಿಂತೇ ಹೋಗಿತ್ತು. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲೆ ದಾರಿ ತೆರೆಯಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಕನ್ನಡಕ್ಕೆ ಡಬ್ ಆದ 'ಮಹಾಭಾರತ' ಧಾರಾವಾಹಿ ಮನೆಮನೆಗೆ ಬಂತು. ಈಗ ಒಟಿಟಿಯಲ್ಲಿ ಒಂದು ಬಟನ್ ಒತ್ತಿದರೆ ಭಾಷೆ ಬದಲಾಗುತ್ತದೆ. ಅಂದರೆ "ಆ ಸಿನೆಮಾ ನೋಡಿದೆ" ಎಂಬ ಮಾತೇ ಈಗ ಅರ್ಧ ಮಾಹಿತಿ.

ಲೆಕ್ಕಕ್ಕೆ ಸಿಗದ ಮನೆಗಳು

"ನಾವು ನೋಡಿದ್ದು ಟಿಆರ್‌ಪಿಯಲ್ಲಿ ಗೊತ್ತಾಗುತ್ತಲ್ಲ" ಎಂದು ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಟಿವಿ ವೀಕ್ಷಣೆಯ ಲೆಕ್ಕ ಹಾಕುವ ಸಂಸ್ಥೆ ಬಾರ್ಕ್. ಅದು ದೇಶದಲ್ಲಿ ಆಯ್ದ ಮನೆಗಳಲ್ಲಿ ಮಾತ್ರ ಮೀಟರ್ ಇಟ್ಟಿದೆ. ಚಾನೆಲ್‌ನ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಅಡಗಿರುತ್ತದೆ; ಮೀಟರ್ ಅದನ್ನು ಹಿಡಿಯುತ್ತದೆ. ಟಿವಿ ಮುಂದೆ ಕೂರುವ ಮನೆಮಂದಿ ತಮ್ಮ ತಮ್ಮ ಬಟನ್ ಒತ್ತಬೇಕು. ಆ ಕೆಲವು ಮನೆಗಳಿಂದ ಇಡೀ ಮಾರುಕಟ್ಟೆಯ ಅಂದಾಜು.

ಈ ಮಾರುಕಟ್ಟೆಗಳನ್ನು ವಿಂಗಡಿಸಿರುವುದು ರಾಜ್ಯಗಳ ಲೆಕ್ಕದಲ್ಲಿ. ಕನ್ನಡ ಧಾರಾವಾಹಿಗಳ ವಾರದ ಪಟ್ಟಿ ಬರುವುದು ಕರ್ನಾಟಕ ಮಾರುಕಟ್ಟೆಯಿಂದ. ಆಂಧ್ರ-ತೆಲಂಗಾಣದ್ದು ಬೇರೆ ಲೆಕ್ಕ. ಹೀಗಾಗಿ ರಾಯದುರ್ಗದ ಅಜ್ಜಿ ಪ್ರತಿದಿನ ತಪ್ಪದೆ ನೋಡಿದರೂ ಆ ಪಟ್ಟಿಗೆ ಅವರು ಸೇರುವುದಿಲ್ಲ. ಕಾಸರಗೋಡಿನ ಕನ್ನಡ ಮನೆಗೂ, ಗಲ್ಫ್‌ನಲ್ಲಿ ಕೂತು ಊರಿನ ಚಾನೆಲ್ ನೋಡುವ ನಮ್ಮ ಹುಡುಗರಿಗೂ ಇದೇ ಗತಿ.

ಇನ್ನೊಂದು ಮಾತು. ಮೀಟರ್ ಹೇಳುವುದು ಟಿವಿ ಓಡಿತು ಎಂದು, ಇಷ್ಟವಾಯಿತು ಎಂದಲ್ಲ. ಬೈಯುತ್ತಾ ನೋಡಿದರೂ ಲೆಕ್ಕ, ಹೊಗಳುತ್ತಾ ನೋಡಿದರೂ ಅದೇ ಲೆಕ್ಕ. ನಮ್ಮ ಅಭಿಪ್ರಾಯ ತಲುಪಬೇಕಾದರೆ ನಾವು ಬಾಯಿ ಬಿಟ್ಟು ಹೇಳಬೇಕು, ಸರಿಯಾಗಿ ಹೇಳಬೇಕು.

ನೋಡದೆ ಹೇಳುವ ರೋಗ

ಈಗ ನಮ್ಮ ಮನೆಗೆ ಬರೋಣ. 2011ರ 'ಬ್ಯಾರಿ' ನಮ್ಮ ಭಾಷೆಯ ಮೊದಲ ಸಿನೆಮಾ. ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ಅದರ ಪರವಾಗಿಯೋ ವಿರುದ್ಧವಾಗಿಯೋ ಒಂದು ಮಾತು ನಮ್ಮೆಲ್ಲರ ಬಳಿ ಇರಬಹುದು. ಆದರೆ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದವರು ನಮ್ಮಲ್ಲಿ ಎಷ್ಟು ಜನ? ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' (2008) ಮನೆಯಲ್ಲಿ ಟಿವಿ ನೋಡುವುದರ ಬಗ್ಗೆಯೇ ಇದೆ. ವೈದೇಹಿ ಅವರ ಕಥೆಯನ್ನು ಆಧರಿಸಿದ್ದು. ಕುಂದಾಪುರ ಕಡೆಯ ಮೀನುಗಾರರ ಊರಿನಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ, ಸಿನೆಮಾ ಹುಚ್ಚಿನವಳು. ಒಂದು ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಕಲರ್ ಟಿವಿ ಸಿಗುತ್ತದೆ. ಊರಿನ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ, ಒಟ್ಟಿಗೆ ನೋಡುತ್ತಾರೆ, ಮಾತಾಡುತ್ತಾರೆ. ಆಮೇಲೆ ಒಬ್ಬ ಹೆಂಗಸು ಕಾಣೆಯಾದಾಗ ಊರಿನ ಅನುಮಾನ ಗುಲಾಬಿಯ ಮೇಲೆ ತಿರುಗುತ್ತದೆ. ಕಣ್ಣಾರೆ ಕಂಡವರು ಯಾರೂ ಇಲ್ಲ, ಆದರೆ ಮಾತಿಗೆ ಬರವಿಲ್ಲ. ಕಾರ್ಗಿಲ್ ಯುದ್ಧದ ಕಾಲದ ಬಿಸಿ ಅದಕ್ಕೆ ಸೇರುತ್ತದೆ. ಈ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನೊಂದು ಕಡೆ 'ದೃಶ್ಯಂ' (2013). ಕನ್ನಡದಲ್ಲಿ 'ದೃಶ್ಯ', ತೆಲುಗಿನಲ್ಲಿ 'ದೃಶ್ಯಂ' ಎಂದು ಮರುವರ್ಷವೇ ಬಂತು. ನಾಯಕ ಹೆಚ್ಚು ಓದದ ಕೇಬಲ್ ಆಪರೇಟರ್, ರಾತ್ರಿಯಿಡೀ ಸಿನೆಮಾ ನೋಡುವವನು. ಅವನು ಊರಿನವರನ್ನು ಸುಳ್ಳು ಹೇಳಲು ಕೇಳುವುದಿಲ್ಲ. ಅವರು ಅವನನ್ನು ಕಂಡದ್ದು ನಿಜ. ಕಂಡ ದಿನಾಂಕವನ್ನು ಮಾತ್ರ ಅವನು ಮೆಲ್ಲ ತಲೆಗೆ ತುಂಬುತ್ತಾನೆ. ಆಮೇಲೆ ಅವರು ಪ್ರಾಮಾಣಿಕವಾಗಿಯೇ ತಪ್ಪು ಸಾಕ್ಷಿ ಹೇಳುತ್ತಾರೆ. ಫಾರ್ವರ್ಡ್ ಮೆಸೇಜು ಮಾಡುವುದೂ ಇದೇ ಕೆಲಸ ಅಲ್ಲವೇ? ಹತ್ತು ಸಲ ಓದಿದ ಮೇಲೆ ನಾವೇ ನೋಡಿದ್ದೇವೆ ಅನ್ನಿಸಿಬಿಡುತ್ತದೆ. ಸುದ್ದಿ ಬಂದಾಗ ಪರಿಶೀಲಿಸಬೇಕು, ಇಲ್ಲದಿದ್ದರೆ ತಿಳಿಯದೆ ಯಾರಿಗೋ ತೊಂದರೆ ಮಾಡಿ ಪಶ್ಚಾತ್ತಾಪಪಡಬೇಕಾದೀತು ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಸಿನೆಮಾ ಸುದ್ದಿಗೂ ಇದು ಅನ್ವಯಿಸುತ್ತದೆ.

ಅಭಿಪ್ರಾಯ ಹೇಳುವಾಗ ಐದು ಸಂಗತಿ

ಯುವಕ ಯುವತಿಯರು ಇಷ್ಟು ಅಭ್ಯಾಸ ಮಾಡಿಕೊಂಡರೆ ಸಾಕು.

1. ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಮೊದಲೇ ಹೇಳಿ. ಮೂಲವೋ, ಡಬ್ಬಿಂಗೋ, ರಿಮೇಕೋ?

2. ಪೂರ್ತಿ ನೋಡಿದಿರಾ? ಅರ್ಧಕ್ಕೆ ಬಿಟ್ಟರೆ ಅದರಲ್ಲಿ ತಪ್ಪಿಲ್ಲ. "ಅರ್ಧಕ್ಕೆ ಬಿಟ್ಟೆ" ಎಂದೇ ಹೇಳಿ. ಧಾರಾವಾಹಿಯಾದರೆ ಯಾವ ಸಂಚಿಕೆ ಎಂದು ತಿಳಿಸಿ.

3. "ಚೆನ್ನಾಗಿಲ್ಲ" ಎಂದು ನಿಲ್ಲಿಸಬೇಡಿ. ಒಂದು ದೃಶ್ಯ ಹೆಸರಿಸಿ. ಕಾರಣ ಒಂದೇ ಇರಲಿ, ನಿಮ್ಮದೇ ಇರಲಿ.

4. ಪಾತ್ರ ಹೇಳಿದ ಮಾತನ್ನು ಸಿನೆಮಾದ ನಿಲುವು ಎಂದು ತೀರ್ಮಾನಿಸಬೇಡಿ. ಕೆಟ್ಟ ಪಾತ್ರ ಕೆಟ್ಟ ಮಾತೇ ಆಡುತ್ತದೆ. ಕೊನೆಗೆ ಕಥೆ ಯಾರ ಪಕ್ಕ ನಿಲ್ಲುತ್ತದೆ ಎಂದು ನೋಡಿ.

5. ಮನೆಯ ಹಿರಿಯರ ಮಾತು ಕೇಳಿ. ಉಮ್ಮ ಅಡುಗೆಮನೆಯಿಂದ ಅರ್ಧ ಕಿವಿ ಕೊಟ್ಟು ಹೇಳುವ ಒಂದು ಮಾತಿನಲ್ಲಿ ಎಷ್ಟೋ ಸಲ ಇಡೀ ಸಿನೆಮಾದ ಸಾರ ಇರುತ್ತದೆ.

ನಿಜವಾಗಿ ತಪ್ಪು ಕಂಡರೆ?

ನೋಡಿದ ಮೇಲೂ ಕಾರ್ಯಕ್ರಮ ದ್ವೇಷ ಹಬ್ಬಿಸುತ್ತಿದೆ ಅನ್ನಿಸಿದರೆ ಗ್ರೂಪಿನಲ್ಲಿ ಬೈದು ಸುಮ್ಮನಾಗಬೇಡಿ. ಟಿವಿ ಕಾರ್ಯಕ್ರಮಗಳ ಬಗ್ಗೆ ದೂರು ಕೊಡಲು 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮಗಳಲ್ಲಿ ಮೂರು ಹಂತಗಳಿವೆ. ಮೊದಲು ಚಾನೆಲ್‌ಗೇ ಬರೆಯಬೇಕು. ಅದು 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಉತ್ತರ ಸಮಾಧಾನ ಕೊಡದಿದ್ದರೆ ಚಾನೆಲ್ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದರ ಮೇಲೆ ಕೇಂದ್ರ ಸರ್ಕಾರದ ಹಂತ. ದೂರಿನಲ್ಲಿ ಚಾನೆಲ್ ಹೆಸರು, ದಿನಾಂಕ, ಸಮಯ, ಆಡಿದ ಮಾತು ಇವಿಷ್ಟು ಸ್ಪಷ್ಟ ಇರಬೇಕು. ತಡ ಮಾಡಬಾರದು.

ಇದರಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ. 2020ರಲ್ಲಿ ತಬ್ಲೀಗ್ ಜಮಾಅತ್ ಹೆಸರಿನಲ್ಲಿ ಕೊರೋನಾದ ಹೊಣೆಯನ್ನು ಇಡೀ ಸಮುದಾಯದ ಮೇಲೆ ಹೊರಿಸುವ ಕಾರ್ಯಕ್ರಮಗಳು ಬಂದವು. ಕೆಲವರು ಅವುಗಳನ್ನು ಕೂತು ನೋಡಿ, ಬರೆದಿಟ್ಟು ದೂರು ಕೊಟ್ಟರು. 2021ರ ಜೂನ್‌ನಲ್ಲಿ ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಸಂಸ್ಥೆ ಕನ್ನಡದ ಎರಡು ಸುದ್ದಿ ವಾಹಿನಿಗಳಿಗೆ ದಂಡ ಹಾಕಿತು: ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಹಣ ಸಣ್ಣದು. ಆದರೆ ತಪ್ಪು ಎಂದು ದಾಖಲಾಯಿತು. ಅದು ಸಾಧ್ಯವಾದದ್ದು ಕೂಗಾಟದಿಂದಲ್ಲ, ನೋಡಿ ಬರೆದದ್ದರಿಂದ.

ರಾಯದುರ್ಗ, ಮಡಕಶಿರಾದ ಮನೆಯವರೂ ನಾವೂ ಎರಡು ಮೂರು ಭಾಷೆಯ ಕಿವಿ ಇಟ್ಟುಕೊಂಡು ಕೂತವರು. ಆ ಕಿವಿ ಎಲ್ಲರಿಗೂ ಸಿಗುವುದಿಲ್ಲ. ಹಾಗಾಗಿ ಇವತ್ತು ರಾತ್ರಿ ಗ್ರೂಪಿನಲ್ಲಿ ಯಾರಾದರೂ "ಸೂಪರ್" ಎಂದೋ "ವೇಸ್ಟ್" ಎಂದೋ ಹಾಕಿದರೆ ಜಗಳಕ್ಕೆ ಹೋಗಬೇಡಿ. ಮೆಲ್ಲ ಒಂದೇ ಪ್ರಶ್ನೆ ಕೇಳಿ: "ನೀನು ನೋಡಿದ್ದು ಯಾವ ಭಾಷೆಯಲ್ಲಿ? ಪೂರ್ತಿ ನೋಡಿದ್ಯಾ?"