ಖಾದ್ಯ ತೈಲದ ಆಮದು: ಆರ್ಥಿಕ ಕಾರಣಗಳು ಮತ್ತು ರೈತರು ಗಮನಿಸಬೇಕಾದ ಅಂಶಗಳು



ಸೂರ್ಯಕಾಂತಿ ಬೆಳೆಯಲ್ಲಿ ಮುಂಚೂಣಿಯಲ್ಲಿದ್ದ ಕರ್ನಾಟಕದ ಅನೇಕ ಹೊಲಗಳಲ್ಲಿ ಇಂದು ಮೆಕ್ಕೆಜೋಳ, ಹತ್ತಿ, ಕಡಲೆ ನಿಂತಿವೆ. ನಾವು ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ರಷ್ಯಾ, ಉಕ್ರೇನ್‌ಗಳಿಂದ ಬರುತ್ತಿದೆ. ಇದಕ್ಕೆ ನಮ್ಮ ಮಣ್ಣು ಕಾರಣವಲ್ಲ, ಲೆಕ್ಕಾಚಾರ ಕಾರಣ.

1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್‌ನಿಂದಾಗಿ 1990ರ ದಶಕದ ಆರಂಭದಲ್ಲಿ ದೇಶವು ಖಾದ್ಯ ತೈಲದಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿತ್ತು. ಇಂದು ಬಳಕೆಯ ಅರ್ಧಕ್ಕಿಂತ ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು 150 ಲಕ್ಷ ಟನ್, ಆಮದಾಗುತ್ತಿದೆ.

ಪ್ರಮುಖ ಕಾರಣಗಳು

1. ಆಮದು ಸುಂಕ: 1994ರಲ್ಲಿ ಶೇ. 65 ಸುಂಕದೊಂದಿಗೆ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಲಾಯಿತು. 1998ರ ವೇಳೆಗೆ ಸುಂಕ ಶೇ. 15ಕ್ಕೆ ಇಳಿಯಿತು. ಅಗ್ಗದ ಎಣ್ಣೆಯೆದುರು ಸ್ಥಳೀಯ ಎಣ್ಣೆಕಾಳಿನ ಬೆಲೆ ಕುಸಿಯಿತು.

2. ಇಳುವರಿಯ ಅಂತರ: ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ತೋಟಗಳಲ್ಲಿ ಹೆಕ್ಟೇರಿಗೆ 3ರಿಂದ 4 ಟನ್ ಎಣ್ಣೆ ದೊರೆಯುತ್ತದೆ. ಬಹುಪಾಲು ಮಳೆಯಾಶ್ರಿತವಾದ ನಮ್ಮ ಎಣ್ಣೆಕಾಳು ಬೆಳೆಗಳಿಂದ ಸರಾಸರಿ ಅರ್ಧ ಟನ್ ಎಣ್ಣೆಯೂ ದೊರೆಯುವುದಿಲ್ಲ.

3. ಪೈಪೋಟಿ ಬೆಳೆಗಳು: ಭತ್ತ, ಗೋಧಿಗಳಿಗೆ ಸರ್ಕಾರಿ ಖರೀದಿಯ ಭರವಸೆಯಿದೆ. ಎಣ್ಣೆಕಾಳುಗಳಿಗೆ ಬೆಂಬಲ ಬೆಲೆ ಘೋಷಣೆಯಾದರೂ ಖರೀದಿ ಸೀಮಿತ. ಆದ್ದರಿಂದ ರೈತನು ಅಪಾಯ ಕಡಿಮೆಯಿರುವ ಬೆಳೆಯನ್ನು ಆಯ್ದುಕೊಳ್ಳುವುದು ಸಹಜ.

4. ಬೇಡಿಕೆ: ಆದಾಯ ಹೆಚ್ಚಿದಂತೆ, ಕರಿದ ಹಾಗೂ ಸಿದ್ಧ ತಿನಿಸುಗಳ ಬಳಕೆ ಬೆಳೆದಂತೆ, ತಲಾ ಬಳಕೆ ವರ್ಷಕ್ಕೆ ಸುಮಾರು 19 ಕಿ.ಗ್ರಾಂ. ತಲುಪಿದೆ. ಆರೋಗ್ಯದ ದೃಷ್ಟಿಯಿಂದ ಶಿಫಾರಸಾದ ಪ್ರಮಾಣ ಕೇವಲ 12 ಕಿ.ಗ್ರಾಂ.

ಇದರಿಂದ ನಿಮಗೇನು?

2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೂನ್ಯದಿಂದ ಶೇ. 20ಕ್ಕೆ ಏರಿಸಲಾಯಿತು, 2025ರ ಮೇ ಅಂತ್ಯದಲ್ಲಿ ಶೇ. 10ಕ್ಕೆ ಇಳಿಸಲಾಯಿತು. ಸುಂಕ ಇಳಿದರೆ ಗ್ರಾಹಕರ ಹೊರೆ ತಗ್ಗುತ್ತದೆ, ಆದರೆ ಬೆಳೆಗಾರರ ಬೆಲೆಯೂ ತಗ್ಗುತ್ತದೆ. ಆದ್ದರಿಂದ ಬಿತ್ತನೆಗೆ ಮುನ್ನ ಮಾರುಕಟ್ಟೆ ಧಾರಣೆಯ ಜೊತೆಗೆ ಸುಂಕದ ಸ್ಥಿತಿಯನ್ನೂ ತಿಳಿದುಕೊಳ್ಳಿರಿ.

ಬೆಲೆ ನಿಮ್ಮ ಕೈಯಲ್ಲಿಲ್ಲ. ಕ್ವಿಂಟಾಲೊಂದರ ಉತ್ಪಾದನಾ ವೆಚ್ಚವನ್ನು ತಗ್ಗಿಸುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಶೇಂಗಾಕ್ಕೆ ಹೂ ಬಿಡುವ ಹಂತದಲ್ಲಿ ಎಕರೆಗೆ 200 ಕಿ.ಗ್ರಾಂ. ಜಿಪ್ಸಂ ಒದಗಿಸಿರಿ. ಸೂರ್ಯಕಾಂತಿಗೆ ಹೂ ಅರಳುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗಳಿಗೆ ಸಿಂಪಡಿಸಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಬೆಂಬಲ ಬೆಲೆ ಖರೀದಿ ಘೋಷಣೆಯಾದಾಗ ನೋಂದಣಿಗೆ ವಿಳಂಬ ಮಾಡದಿರಿ. ಇಡೀ ಜಮೀನಿಗೆ ಒಂದೇ ಎಣ್ಣೆಕಾಳನ್ನು ನೆಚ್ಚದೆ, ತೊಗರಿಯೊಂದಿಗೆ ಅಂತರ ಬೆಳೆಯಾಗಿ ಬೆಳೆದರೆ ಬೆಲೆ ಕುಸಿದ ವರ್ಷವೂ ನಷ್ಟ ಹಂಚಿಹೋಗುತ್ತದೆ.