ತೊಂಬತ್ತಾರು ಗುಂಜಿಯ ಲೆಕ್ಕ

ಚಿನ್ನ ತೂಗುವ ನಮ್ಮ ಹಿಂದಿನ ಪದ್ಧತಿಯಲ್ಲಿ ೮ ಗುಂಜಿಗೆ ಒಂದು ಮಾಷ, ೧೨ ಮಾಷಕ್ಕೆ ಒಂದು ತೊಲ. ಎಂದರೆ ತೊಲವೊಂದಕ್ಕೆ ೯೬ ಗುಂಜಿ. ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿದವು. ತೊಲದ ಸ್ಥಾನಕ್ಕೆ ಗ್ರಾಂ ಬಂದದ್ದು ಅದಕ್ಕೂ ಎಷ್ಟೋ ಹಿಂದೆ. ಆದರೂ ಬಂಗಾರಪೇಟೆಯ ಹಿರಿಯರ ಮಾತಿನಲ್ಲಿ ತೊಲ ಇನ್ನೂ ಸವೆದಿಲ್ಲ.

ತೊಂಬತ್ತಾರರ ಗುಣವೇನೆಂದರೆ ಅದರ ಹಂಚಿಕೆಯ ಸೌಲಭ್ಯ. ಇಬ್ಬರು, ಮೂವರು, ನಾಲ್ವರು, ಆರು ಮಂದಿ, ಎಂಟು ಮಂದಿ, ಯಾರು ಬಂದರೂ ಗುಂಜಿಯನ್ನು ಒಡೆಯದೆ ಸಮಪಾಲು ಮಾಡಬಹುದು. ನೂರಾಗಿದ್ದರೆ ಮೂವರು ಅಣ್ಣತಮ್ಮಂದಿರಲ್ಲಿಯೇ ಒಂದು ಗುಂಜಿಗಾಗಿ ವ್ಯಾಜ್ಯ ಹುಟ್ಟುತ್ತಿತ್ತು. ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳಿಗೆ ಭಾಜಕಗಳೆಂದು ಹೆಸರು. ೯೬ಕ್ಕೆ ೧೨ ಭಾಜಕಗಳು, ನೂರಕ್ಕೆ ಒಂಬತ್ತೇ.

ಇವನ್ನು ಒಂದೊಂದಾಗಿ ಹುಡುಕಬೇಕಾಗಿಲ್ಲ. ಐದು ಎರಡುಗಳನ್ನೂ ಒಂದು ಮೂರನ್ನೂ ಗುಣಿಸಿದರೆ ೯೬. ಭಾಜಕವನ್ನು ಕಟ್ಟುವಾಗ ಎರಡುಗಳಲ್ಲಿ ಒಂದನ್ನೂ ತೆಗೆದುಕೊಳ್ಳದಿರುವುದರಿಂದ ಮೊದಲುಮಾಡಿ ಐದನ್ನೂ ತೆಗೆದುಕೊಳ್ಳುವವರೆಗೆ ಆರು ದಾರಿಗಳು. ಮೂರನ್ನು ಕೊಳ್ಳಲು ಅಥವಾ ಬಿಡಲು ಎರಡು ದಾರಿಗಳು. ಆರೆರಡಲ ಹನ್ನೆರಡು.

ಈ ಹನ್ನೆರಡರಲ್ಲಿ ಒಂದು ವಿಶೇಷವಾದ ಬಳಗವಿದೆ. ೯೬ನ್ನು ೮ ಮತ್ತು ೧೨ ಎಂದು ಬಿಡಿಸಿದಾಗ ಎರಡೆಂಬ ಅವಿಭಾಜ್ಯ ಸಂಖ್ಯೆ ಎರಡು ಕಡೆಗೂ ಹರಿದು ಹಂಚಿಹೋಗುತ್ತದೆ. ೩ ಮತ್ತು ೩೨ ಎಂದು ಬಿಡಿಸಿದರೆ ಎರಡುಗಳೆಲ್ಲ ಒಂದೇ ಕಡೆ ಇಡಿಯಾಗಿ ಉಳಿಯುತ್ತವೆ. ವ್ಯಾಕರಣ ಬಲ್ಲವರಿಗೆ ಇದು ಹೊಸದಲ್ಲ. ಬಂಗಾರಪೇಟೆ ಎಂಬ ಸಮಾಸವನ್ನು ಬಂಗಾರ, ಪೇಟೆ ಎಂದು ಬಿಡಿಸಬಹುದು. ಬಂಗಾ, ರಪೇಟೆ ಎಂದು ಕಡಿದರೆ ಅಕ್ಷರಗಳು ಉಳಿದಾವು, ಪದಗಳು ಉಳಿಯವು. ಪದ ಮುರಿಯದಂತೆ ಸಮಾಸವನ್ನು ಬಿಡಿಸುವ ಹಾಗೆ ಸಂಖ್ಯೆಯನ್ನು ಬಿಡಿಸುವ ಭಾಜಕಗಳಿವು.

ಇವುಗಳ ಎಣಿಕೆ ಇನ್ನೂ ಸುಲಭ. ಪ್ರತಿಯೊಂದು ಅವಿಭಾಜ್ಯವನ್ನೂ ಪೂರ್ತಿ ಕೊಳ್ಳಬೇಕು, ಇಲ್ಲವೆ ಪೂರ್ತಿ ಬಿಡಬೇಕು. ಆದುದರಿಂದ ೯೬ಕ್ಕೆ ಇಂಥವು ನಾಲ್ಕು: ೧, ೩, ೩೨, ೯೬. ನೂರಕ್ಕೂ ನಾಲ್ಕೇ: ೧, ೪, ೨೫, ೧೦೦. ಹಳೆಯ ರೂಪಾಯಿಯಲ್ಲಿದ್ದ ೧೯೨ ಪೈಗಳಿಗೆ ಭಾಜಕಗಳು ಹದಿನಾಲ್ಕಾದರೂ ಈ ಬಗೆಯವು ನಾಲ್ಕೇ. ಒಂದೇ ಅವಿಭಾಜ್ಯ ಎಷ್ಟು ಸಲ ಮರುಕಳಿಸಿದರೂ ಈ ಲೆಕ್ಕ ಬೆಳೆಯದು. ಹೊಸ ಅವಿಭಾಜ್ಯವೊಂದು ಬಂದು ಸೇರಿದರೆ ಮಾತ್ರ ಇಮ್ಮಡಿಯಾಗುತ್ತದೆ.

೧೯೩೧ರಲ್ಲಿ ಇವುಗಳನ್ನು ಗುರುತಿಸಿ, ಇಡಿಗಟ್ಟಿ ಎಂಬರ್ಥದ ‘ಬ್ಲಾಕ್’ ಎಂಬ ಹೆಸರಿಟ್ಟವರು ಮದರಾಸಿನ ಗಣಿತಜ್ಞ ಆರ್. ವೈದ್ಯನಾಥಸ್ವಾಮಿಯವರು. ೧೯೬೦ರಲ್ಲಿ ಅಮೆರಿಕದ ಎಕ್‌ಫರ್ಡ್ ಕೋಹೆನ್ ಇವನ್ನು ‘ಯುನಿಟರಿ’ ಎಂದು ಕರೆದರು. ಜಗತ್ತಿನಲ್ಲಿ ನಿಂತದ್ದು ಆ ಹೆಸರು. ಕನ್ನಡದಲ್ಲಿ ಇವನ್ನು ‘ಅಖಂಡ ಭಾಜಕ’ಗಳೆನ್ನೋಣವೆಂದು ನನ್ನ ಸೂಚನೆ.

ಹೆಸರಿನ ಮೇಲೆ ಇಷ್ಟೇಕೆ ಹಟವೆಂದು ವಾಚಕರು ಕೇಳಬಹುದು. ನನ್ನ ತರಗತಿಯಲ್ಲಿ ಮನೆಯಲ್ಲಿ ತಮಿಳಾಡುವವರಿದ್ದಾರೆ, ತೆಲುಗಾಡುವವರಿದ್ದಾರೆ, ಕನ್ನಡಿಗರಿದ್ದಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತ ಹುಡುಗ ಪಿ.ಯು.ಸಿ.ಗೆ ಬಂದೊಡನೆ ಗಣಿತ ಇಂಗ್ಲಿಷಿಗೆ ತಿರುಗುತ್ತದೆ. ನಿನ್ನೆ ಜಾಣನಾಗಿದ್ದವನು ಇಂದು ಮೂಕನಾಗಿ ಕುಳಿತಿರುತ್ತಾನೆ. ಅವನು ಕಳೆದುಕೊಂಡದ್ದು ಬುದ್ಧಿಯನ್ನಲ್ಲ, ಮಾತನ್ನು. ಆದರೆ ತನಗೆ ಬುದ್ಧಿಯೇ ಇಲ್ಲವೆಂದು ಅವನು ನಂಬಿಬಿಡುತ್ತಾನೆ.

ಈ ನಾಡಿನ ಮಾತಿಗೆ ಗಣಿತ ಅನ್ಯವಲ್ಲ. ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಅವರಿಗೆ ಒದಗಿದ ಮಾತು ನಮಗೆ ಒದಗದೆಂದು ಹೇಳಲು ಕಾರಣವೇನೂ ಇಲ್ಲ, ಒದಗಿಸಿಕೊಳ್ಳುವವರು ಬೇಕು.

‘ಅಖಂಡ ಭಾಜಕ’ಕ್ಕಿಂತ ಒಳ್ಳೆಯ ಪದ ಉಪಾಧ್ಯಾಯ ಮಿತ್ರರಿಗೆ ತೋಚಿದರೆ ಅದೇ ನಿಲ್ಲಲಿ. ಪದ ಯಾವುದಾದರೂ ಆಗಲಿ, ವಿದ್ಯಾರ್ಥಿಯ ಕೈಗೆ ಮೂವತ್ತನ್ನು ಕೊಟ್ಟು ನೋಡಿರಿ. ಅದರ ಎಂಟು ಭಾಜಕಗಳೂ ಅಖಂಡವೇ. ಏಕೆಂಬುದನ್ನು ಅವನು ತನ್ನ ಮಾತಿನಲ್ಲಿ ಹೇಳಲಿ.